ಹಾವಿನ ಟ್ಯಾಂಕ್‌ಗೆ ಯಾವ ಹೀಟರ್? ಮೊದಲು ಥರ್ಮೋಸ್ಟಾಟ್ ತಗೊಳ್ಳಿ

ಪ್ರಶ್ನೆ: ನಾವು ಅಮೆರಿಕದ ಮಿನೆಸೋಟದಲ್ಲಿ, ಮಿನಿಯಾಪೊಲಿಸ್ ಹತ್ತಿರ ಇದ್ದೇವೆ. ಮಗಳು ಹಟ ಮಾಡಿ ಒಂದು ವರ್ಷದ ಬಾಲ್ ಪೈಥಾನ್ (ಹೆಬ್ಬಾವಿನ ಒಂದು ಜಾತಿ) ತಂದುಕೊಂಡಿದ್ದಾಳೆ. ಹಳೆಯ ಮಾಲೀಕರು ಅದರ ಜೊತೆ 36 ಇಂಚು ಉದ್ದದ ಗಾಜಿನ ಟ್ಯಾಂಕ್, ಜಾಲರಿ ಮುಚ್ಚಳ, ಒಂದು ಹೀಟ್ ರಾಕ್ (ಕರೆಂಟ್‌ನಿಂದ ಬಿಸಿಯಾಗುವ ಕೃತಕ ಕಲ್ಲು), ಒಂದು ಕೆಂಪು ಬಲ್ಬ್ ಕೊಟ್ಟರು. ರಾತ್ರಿ ಮನೆಯ ಹೀಟಿಂಗ್ 64 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸುತ್ತೇವೆ. ಹಗಲು ಮನೆಯಲ್ಲಿ ಯಾರೂ ಇರೋದಿಲ್ಲ, ನಮ್ಮ ಯಜಮಾನರಿಗೆ ಬೆಂಕಿಯದೇ ಭಯ. ಹಾವು ಮೂರು ವಾರದಿಂದ ಇಲಿ ಮುಟ್ಟಿಲ್ಲ. ಅಂಗಡಿಗೆ ಹೋದರೆ ಹತ್ತು ತರಹದ ಹೀಟರ್ ತೋರಿಸುತ್ತಾರೆ. ಯಾವುದು ಸೇಫ್ ಹೇಳಿ ಡಾಕ್ಟ್ರೇ.

ಉತ್ತರ: ಮೊದಲು ಇವತ್ತು ರಾತ್ರಿಯ ಕೆಲಸ. ಆ ಹೀಟ್ ರಾಕ್‌ನ ಪ್ಲಗ್ ಕಿತ್ತು ಟ್ಯಾಂಕ್‌ನಿಂದ ಹೊರಗೆ ಹಾಕಿ. ಯಾರಿಗೂ ಕೊಡಬೇಡಿ, ಕಸಕ್ಕೆ ಹಾಕಿ. ಇವತ್ತೊಂದು ರಾತ್ರಿ ಮನೆಯ ಹೀಟಿಂಗನ್ನು 72ಕ್ಕೋ 74ಕ್ಕೋ ಏರಿಸಿಬಿಡಿ. ಹಾವಿರುವ ಕೋಣೆಯ ಬಾಗಿಲು ಹಾಕಿ. ಉಳಿದದ್ದನ್ನು ನಾಳೆ ನಿಧಾನವಾಗಿ ನೋಡೋಣ.

ಕಲ್ಲಿನ ಮೇಲೆ ನನಗೆ ಯಾಕಿಷ್ಟು ಸಿಟ್ಟು ಅಂದರೆ, ಹೊಟ್ಟೆ ಸುಟ್ಟುಕೊಂಡು ಬರುವ ಹಾವುಗಳ ಕಥೆ ಸಾಮಾನ್ಯವಾಗಿ ಒಂದೇ. ಕೋಣೆ ತಣ್ಣಗಿರುತ್ತದೆ, ಟ್ಯಾಂಕ್‌ನ ಗಾಳಿಯೂ ತಣ್ಣಗಿರುತ್ತದೆ, ಬಿಸಿ ಇರುವುದು ಒಂದೇ ಒಂದು ಜಾಗದಲ್ಲಿ. ಹಾವು ಹೋಗಿ ಅದರ ಮೇಲೆ ಸುತ್ತಿಕೊಂಡು ಮಲಗುತ್ತದೆ. ಬೆನ್ನು ತಣ್ಣಗೇ ಇರುತ್ತದೆ, ಹೊಟ್ಟೆ ಬೇಯುತ್ತಿರುತ್ತದೆ. ನಾವಾಗಿದ್ದರೆ ಕೈ ಎಳೆದುಕೊಳ್ಳುತ್ತೇವೆ. ಹಾವು ಹಾಗೆ ಮಾಡುವುದಿಲ್ಲ, ಮೈಗೆ ಬಿಸಿ ಸಾಲದು ಅಂತ ಅಲ್ಲೇ ಇನ್ನೂ ಒತ್ತಿಕೊಂಡು ಮಲಗುತ್ತದೆ. ಅದರ ಮೇಲೆ ಈ ಕಲ್ಲು ಎಲ್ಲ ಕಡೆ ಒಂದೇ ಸಮ ಬಿಸಿಯಾಗುವುದಿಲ್ಲ. ಒಳಗೆ ತಂತಿ ಹಾದುಹೋದ ಕಡೆ ಕಾದಿರುತ್ತದೆ, ಪಕ್ಕದಲ್ಲಿ ಬೆಚ್ಚಗಿರುತ್ತದೆ. ನೀವು ಕೈ ಇಟ್ಟು ನೋಡಿದ ಜಾಗ ಸರಿ ಇತ್ತು ಅಂದ ಮಾತ್ರಕ್ಕೆ ಇಡೀ ಕಲ್ಲು ಸರಿ ಇದೆ ಅಂತಲ್ಲ.

ಈಗ ಈ ಹಾವಿಗೆ ಎಷ್ಟು ಬಿಸಿ ಬೇಕು ಅನ್ನೋದು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಘಾನಾ, ಟೋಗೋ, ಬೆನಿನ್ ಕಡೆ ಇಲಿ ಬಿಲಗಳಲ್ಲಿ, ಹುತ್ತಗಳಲ್ಲಿ ಹಗಲೆಲ್ಲ ಮಲಗಿದ್ದು ಕತ್ತಲಾದ ಮೇಲೆ ಹೊರಬೀಳುತ್ತದೆ. ಹಾಗಾಗಿ ಸುಡುಬಿಸಿಲು ಬೇಕಿಲ್ಲ, ಬೆಚ್ಚಗಿನ ಮನೆ ಬೇಕು. ಟ್ಯಾಂಕ್‌ನ ಒಂದು ತುದಿಯಲ್ಲಿ ಅದು ಮಲಗುವ ಜಾಗ 88ರಿಂದ 92 ಫ್ಯಾರನ್‌ಹೀಟ್, ಅಂದರೆ 31ರಿಂದ 33 ಸೆಲ್ಸಿಯಸ್ ಇರಬೇಕು. ಇನ್ನೊಂದು ತುದಿ 76ರಿಂದ 80 ಫ್ಯಾರನ್‌ಹೀಟ್. ರಾತ್ರಿ ಸ್ವಲ್ಪ ಇಳಿದರೆ ಪರವಾಗಿಲ್ಲ, ಆದರೆ ಯಾವ ಮೂಲೆಯೂ 72ರ ಕೆಳಗೆ ಹೋಗಬಾರದು. ಬಿಸಿ ಜಾಗ 95 ದಾಟಬಾರದು. ಎರಡೂ ತುದಿಯಲ್ಲಿ ಅವಿತುಕೊಳ್ಳಲು ಒಂದೊಂದು ಇಕ್ಕಟ್ಟಾದ ಗೂಡು ಇರಲೇಬೇಕು. ಒಂದೇ ಗೂಡು ಇಟ್ಟು ಅದೂ ತಣ್ಣಗಿನ ಕಡೆ ಇದ್ದರೆ, ಚಳಿಯಾದರೂ ಭಯಕ್ಕೆ ಅಲ್ಲೇ ಕೂತಿರುತ್ತದೆ ಪಾಪ.

ನಿಮ್ಮ ಅಸಲಿ ಕಷ್ಟ ಇರುವುದು ಆ 64ರಲ್ಲಿ. ರಾತ್ರಿ ಕೋಣೆ 64 ಇದ್ದರೆ ಹೀಟರ್ ಒಂದು ಕಡೆ 26 ಡಿಗ್ರಿ ಮೇಲೆ ಎತ್ತಬೇಕು, ಅದೂ ಬಿಸಿಯೆಲ್ಲ ಜಾಲರಿಯಿಂದ ಮೇಲಕ್ಕೆ ಹೋಗಿಬಿಡುವ ಗಾಜಿನ ಟ್ಯಾಂಕ್‌ನಲ್ಲಿ. ಒಂದು ತುದಿ ಹೇಗೋ ಬಿಸಿ ಮಾಡಬಹುದು. ಇನ್ನೊಂದು ತುದಿ 66ರಲ್ಲೇ ಉಳಿಯುತ್ತದೆ. ಅದನ್ನು ಸರಿ ಮಾಡಲು ಜನ ದೊಡ್ಡ ಬಲ್ಬ್ ಹಾಕುತ್ತಾರೆ, ಆಗ ಬಿಸಿ ತುದಿ ಒಲೆಯಾಗುತ್ತದೆ. ಅದಕ್ಕೇ ಹಾವಿನ ಕೋಣೆಯನ್ನು ರಾತ್ರಿಯೂ 70 ಹತ್ತಿರ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಟ್ಯಾಂಕ್‌ನ ಹಿಂಭಾಗಕ್ಕೂ ಎರಡು ಪಕ್ಕಕ್ಕೂ ಹೊರಗಡೆಯಿಂದ ಫೋಮ್ ಶೀಟ್ ಒತ್ತಿ ನಿಲ್ಲಿಸಬಹುದು, ದೀಪದಿಂದ ಮಾತ್ರ ದೂರ ಇರಲಿ. ಕಿಟಕಿ ಪಕ್ಕದಲ್ಲಿದ್ದರೆ ಒಳಗಿನ ಗೋಡೆಯ ಕಡೆ ಸರಿಸಿ. ಇಷ್ಟು ಮಾಡಿದರೆ ಸಣ್ಣ ಹೀಟರ್ ಸಾಕಾಗುತ್ತದೆ. ಸಣ್ಣ ಹೀಟರ್ ಅಂದರೆ ಅಪಾಯವೂ ಕಡಿಮೆ.

ಇನ್ನು ಥರ್ಮೋಸ್ಟಾಟ್, ಅಂದರೆ ಬಿಸಿ ಅಳೆದು ಹೀಟರ್‌ಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಸಾಧನ. ಅಂಗಡಿಯವರು ಹೀಟರ್ ಮಾರುತ್ತಾರೆ, ಥರ್ಮೋಸ್ಟಾಟ್ ಬೇಕಾದ್ರೆ ತಗೊಳ್ಳಿ ಅನ್ನೋ ಹಾಗೆ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ಉಲ್ಟಾ. ಥರ್ಮೋಸ್ಟಾಟ್ ಮೊದಲು, ಅದಕ್ಕೆ ಹೊಂದುವ ಹೀಟರ್ ಆಮೇಲೆ. ಬೆಲೆ ಹೀಟರ್‌ಗಿಂತ ಜಾಸ್ತಿ ಬಂದರೂ ಸರಿ. ಸೇಫ್ ಹೀಟರ್ ಯಾವುದು ಅಂತ ಕೇಳಿದಿರಿ ಅಲ್ವಾ, ಥರ್ಮೋಸ್ಟಾಟ್ ಇಲ್ಲದ ಯಾವ ಹೀಟರೂ ಸೇಫ್ ಅಲ್ಲ. ಪ್ಯಾಕೆಟ್ ಮೇಲೆ ಏನೇ ಬರೆದಿರಲಿ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ ನಿಮಗೆ ಸಿಗುತ್ತವೆ. ಒಂದು ಆನ್-ಆಫ್: ಬಿಸಿ ಏರಿದರೆ ಕರೆಂಟ್ ಕಟ್, ಇಳಿದರೆ ಮತ್ತೆ ಪೂರ್ತಿ ಆನ್. ಇನ್ನೊಂದು ಡಿಮ್ಮಿಂಗ್: ಫ್ಯಾನ್ ರೆಗ್ಯುಲೇಟರ್ ಹಾಗೆ, ಬೇಕಾದಷ್ಟೇ ಕರೆಂಟ್ ಬಿಡುತ್ತದೆ, ಬಿಸಿ ಒಂದೇ ಸಮ ಇರುತ್ತದೆ. ಬೆಳಕು ಕೊಡುವ ಬಲ್ಬನ್ನು ಆನ್-ಆಫ್‌ಗೆ ಹಾಕಿದರೆ ಇಡೀ ದಿನ ಪಕ್ ಪಕ್ ಅಂತ ಹತ್ತಿ ಆರುತ್ತದೆ, ಬಲ್ಬೂ ಬೇಗ ಹೋಗುತ್ತದೆ, ಹಾವಿಗೂ ಕಿರಿಕಿರಿ. ಮ್ಯಾಟ್‌ಗೆ, ಸೆರಾಮಿಕ್ ಹೀಟರ್‌ಗೆ ಆನ್-ಆಫ್ ನಡೆಯುತ್ತದೆ. ಕೊಳ್ಳುವಾಗ ಅದು ಎಷ್ಟು ವಾಟ್ ತಡೆಯುತ್ತದೆ ಅಂತ ನೋಡಿ. ಬಿಸಿ ಮಿತಿ ಮೀರಿದರೆ ಕೂಗುವ ಅಲಾರಂ ಇದ್ದರೆ ಇನ್ನೂ ಒಳ್ಳೆಯದು.

ಈಗ ಅಂಗಡಿಯ ಆ ಹತ್ತು ತರಹದ ಹೀಟರ್‌ಗೆ ಬರೋಣ.

ಹೀಟ್ ಮ್ಯಾಟ್, ಅಂದರೆ ಗಾಜಿನ ತಳಕ್ಕೆ ಹೊರಗಡೆಯಿಂದ ಅಂಟಿಸುವ ಹಾಳೆ. ಹಳೆಯ ಕಾಲದಿಂದ ಎಲ್ಲರೂ ಬಳಸುತ್ತಿರುವುದು ಇದನ್ನೇ. ಕೆಟ್ಟದ್ದೇನಲ್ಲ, ಆದರೆ ಇದು ಗಾಳಿ ಬಿಸಿ ಮಾಡುವುದಿಲ್ಲ, ನೆಲ ಮಾತ್ರ. ನಿಮ್ಮ ತಣ್ಣಗಿನ ಮನೆಗೆ ಇದೊಂದೇ ಸಾಲದು. ಕಡಿವಾಣ ಇಲ್ಲದೆ ಬಿಟ್ಟರೆ ಮ್ಯಾಟ್ 120 ಫ್ಯಾರನ್‌ಹೀಟ್ ಕೂಡ ಮುಟ್ಟಬಹುದು. ಮೇಲೆ ತೆಂಗಿನ ನಾರಿನ ಪುಡಿ ದಪ್ಪಗೆ ಹಾಸಿದ್ದರೆ ಬಿಸಿ ಕೆಳಗೇ ಸಿಕ್ಕಿಕೊಂಡು ಗಾಜು ಸೀಳುವುದೂ ಉಂಟು. ಮೇಲೆ ಮುಟ್ಟಿದರೆ ತಣ್ಣಗಿರುತ್ತದೆ, ಹಾವು ಪುಡಿ ಬಗೆದುಕೊಂಡು ಗಾಜಿನವರೆಗೆ ಇಳಿದಾಗ ಸುಡುತ್ತದೆ. ಮ್ಯಾಟ್ ಹಾಕುವುದೇ ಆದರೆ ನೆಲದ ಮೂರನೇ ಒಂದು ಭಾಗ ಮಾತ್ರ ಮುಚ್ಚುವಂಥದ್ದು, ಟ್ಯಾಂಕ್‌ಗೆ ನಾಲ್ಕು ಮೂಲೆಯಲ್ಲಿ ರಬ್ಬರ್ ಕಾಲು ಕೊಟ್ಟು ಕೆಳಗೆ ಗಾಳಿ ಆಡುವ ಹಾಗೆ. ಒಮ್ಮೆ ಅಂಟಿಸಿದ ಮ್ಯಾಟ್ ಕಿತ್ತು ಬೇರೆ ಕಡೆ ಅಂಟಿಸಬೇಡಿ, ಒಳಗಿನ ಪಟ್ಟಿ ಮಡಿಚಿಕೊಂಡು ಅಲ್ಲೇ ಕಾಯುತ್ತದೆ.

ಸೆರಾಮಿಕ್ ಹೀಟರ್ ನೋಡಲು ಬಿಳಿ ಬಲ್ಬ್ ಹಾಗೆ, ಬೆಳಕು ಬರುವುದಿಲ್ಲ. ರಾತ್ರಿಗೆ ಒಳ್ಳೆಯದು, ಗಾಳಿಯನ್ನೂ ಬಿಸಿ ಮಾಡುತ್ತದೆ. ಎರಡು ತೊಂದರೆ. ಗಾಳಿ ಒಣಗಿಸುತ್ತದೆ. ಮಿನೆಸೋಟದ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ಮೊದಲೇ ಒಣಕಲು, ಈ ಹಾವಿಗೋ 60 ಪರ್ಸೆಂಟ್ ಹತ್ತಿರ ತೇವ ಬೇಕು, ಇಲ್ಲದಿದ್ದರೆ ಪೊರೆ ತುಂಡು ತುಂಡಾಗಿ ಬಿಡುತ್ತದೆ. ಇನ್ನೊಂದು, ಉರಿಯುತ್ತಿದೆಯೋ ಇಲ್ಲವೋ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಅದರ ಮೈ ನೂರಾರು ಡಿಗ್ರಿ ಕಾದಿರುತ್ತದೆ. ಬೆಳಕಿಲ್ಲ ಅಂತ ಮಕ್ಕಳು ಕೈ ಹಾಕಿಬಿಡುತ್ತಾರೆ. ಮಗಳಿಗೆ ಇದನ್ನು ಖಡಾಖಂಡಿತವಾಗಿ ಹೇಳಿ.

ಡೀಪ್ ಹೀಟ್ ಪ್ರೊಜೆಕ್ಟರ್ ಅಂತ ಈಗ ಬರುತ್ತದೆ. ಇದೂ ಬಲ್ಬ್ ಆಕಾರದ್ದೇ, ಇದಕ್ಕೂ ಬೆಳಕಿಲ್ಲ ಅಂತಲೇ ಲೆಕ್ಕ. ಇದರ ಶಾಖ ಸೆರಾಮಿಕ್‌ಗಿಂತ ಮೈಯೊಳಗೆ ಚೆನ್ನಾಗಿ ಇಳಿಯುತ್ತದೆ. ಡಿಮ್ಮಿಂಗ್ ಥರ್ಮೋಸ್ಟಾಟ್ ಜೊತೆ ಹಗಲು ರಾತ್ರಿ ಓಡಿಸಬಹುದು. ಹ್ಯಾಲೊಜೆನ್ ಫ್ಲಡ್ ದೀಪ ಹಗಲಿಗೆ ಇವೆಲ್ಲಕ್ಕಿಂತ ಒಳ್ಳೆಯದು, ಬಿಸಿಲಿಗೆ ಹತ್ತಿರದ ಶಾಖ, ಬೆಲೆಯೂ ಕಡಿಮೆ. ಆದರೆ ರಾತ್ರಿ ಆರಿಸಬೇಕು, ಆಗ ಇನ್ನೊಂದು ಹೀಟರ್ ಬೇಕೇ ಬೇಕು.

ಹೀಟ್ ಪ್ಯಾನೆಲ್ ಒಂದಿದೆ, ಮುಚ್ಚಿದ ಪಿವಿಸಿ ಗೂಡುಗಳ ಒಳಚಾವಣಿಗೆ ಸ್ಕ್ರೂ ಹಾಕಿ ಕೂರಿಸುವುದು. ಹಾವು ದೊಡ್ಡದಾದ ಮೇಲೆ 4 ಅಡಿ ಉದ್ದ, 2 ಅಡಿ ಅಗಲದ ಗೂಡು ಮಾಡಿಸುವಾಗ ಅದನ್ನು ನೋಡೋಣ, ಈಗ ಬೇಡ.

ಆ ಕೆಂಪು ಬಲ್ಬ್? ಕೆಂಪು ಬೆಳಕು ಹಾವಿಗೆ ಕಾಣೋದೇ ಇಲ್ಲ ಅಂತ ಹೇಳಿ ಮಾರುತ್ತಾರೆ. ಅದನ್ನು ನಂಬಿಕೊಂಡು ರಾತ್ರಿ ಪೂರ್ತಿ ಹಚ್ಚಿಡಬೇಡಿ. ರಾತ್ರಿ ಓಡಾಡುವ ಪ್ರಾಣಿಗೆ ಕತ್ತಲು ಕತ್ತಲಾಗಿಯೇ ಇರಲಿ. ಕೆಲವು ಹೀಟ್ ಬಲ್ಬ್‌ಗಳ ಮೇಲೆ ನಾನ್‌ಸ್ಟಿಕ್ ತವಾಗೆ ಬಳಿಯುವಂಥದ್ದೇ ಪಿಟಿಎಫ್‌ಇ ಲೇಪನ ಇರುತ್ತದೆ. ಅದರ ಹೊಗೆಗೆ ಹಕ್ಕಿಗಳು ಸತ್ತದ್ದಿದೆ. ಮನೆಯಲ್ಲಿ ಗಿಳಿಯೋ ಬೇರೆ ಹಕ್ಕಿಯೋ ಇದ್ದರೆ ಪ್ಯಾಕೆಟ್ ಓದಿಯೇ ತನ್ನಿ.

ನಿಮ್ಮ ಟ್ಯಾಂಕ್‌ಗೆ ನಾನು ಹೇಳುವುದು ಇಷ್ಟು. ಒಂದು 80 ವಾಟ್‌ನ ಡೀಪ್ ಹೀಟ್ ಪ್ರೊಜೆಕ್ಟರ್, ಒಂದು ಡಿಮ್ಮಿಂಗ್ ಥರ್ಮೋಸ್ಟಾಟ್, ಪಿಂಗಾಣಿ ಹೋಲ್ಡರ್ ಇರುವ ಡೋಮ್ (ಹೀಟರ್ ಕೂರಿಸುವ ಬೋರಲು ಬಟ್ಟಲಿನಂಥ ಶೇಡ್). ಟ್ಯಾಂಕ್‌ನ ಒಂದು ತುದಿಯಲ್ಲಿ ಕೂರಿಸಿ, ಹಗಲು ರಾತ್ರಿ ಓಡಲಿ. ಡೋಮ್ ಕೂರುವ ಜಾಗ ಮತ್ತು ಅದರ ಸುತ್ತ ನಾಲ್ಕೈದು ಇಂಚು ಬಿಟ್ಟು, ಉಳಿದ ಜಾಲರಿಯ ಹೆಚ್ಚು ಭಾಗವನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ. ಬಿಸಿಯೂ ತೇವವೂ ಒಳಗೆ ನಿಲ್ಲುತ್ತವೆ. ಪೂರ್ತಿ ಮುಚ್ಚಬೇಡಿ, ಗಾಳಿ ಆಡಬೇಕು. ಕರೆಂಟ್ ಬಿಲ್ ಹೆದರಿಕೆ ಬೇಡ: 80 ವಾಟ್ ಇಡೀ ತಿಂಗಳು ಪೂರ್ತಿ ಉರಿದರೂ 60 ಯೂನಿಟ್ ದಾಟುವುದಿಲ್ಲ, ಡಿಮ್ಮರ್ ಇರುವುದರಿಂದ ಅಷ್ಟೂ ಆಗುವುದಿಲ್ಲ. ಕೋಣೆ 64ರಲ್ಲೇ ಇರಬೇಕು ಅಂತ ಮನೆಯಲ್ಲಿ ಹಟ ಇದ್ದರೆ ಮಾತ್ರ ಜೊತೆಗೊಂದು ಮ್ಯಾಟ್ ಬೇಕಾದೀತು, ಅದಕ್ಕೆ ಬೇರೆಯದೇ ಥರ್ಮೋಸ್ಟಾಟ್. ಎರಡು ಹೀಟರನ್ನು ಒಂದೇ ಪ್ರೋಬ್‌ಗೆ ಕಟ್ಟಿದರೆ ಒಂದರ ಲೆಕ್ಕ ಇನ್ನೊಂದಕ್ಕೆ ತಪ್ಪುತ್ತದೆ.

ಪ್ರೋಬ್ ಅಂದೆ ನೋಡಿ. ಥರ್ಮೋಸ್ಟಾಟ್‌ನಿಂದ ಹೊರಡುವ ತೆಳು ವೈರ್, ತುದಿಯಲ್ಲಿ ಬೆರಳ ತುದಿಯಷ್ಟು ಚಿಕ್ಕ ಗುಂಡು. ಬಿಸಿ ಅಳೆಯುವುದು ಅದೇ. ಒಳ್ಳೆ ಥರ್ಮೋಸ್ಟಾಟ್ ಹಾಕಿಯೂ ಹಾವು ಸುಟ್ಟುಕೊಂಡಿದೆ ಅಂದರೆ ನಾನು ಮೊದಲು ಕೇಳುವುದು, ಪ್ರೋಬ್ ಎಲ್ಲಿತ್ತು ಅಂತ. ಹಾವು ನುಸುಳುವಾಗ ಅದನ್ನು ತಳ್ಳಿಕೊಂಡು ಹೋಗಿ ನೀರಿನ ಬಟ್ಟಲಿಗೆ ಹಾಕಿರುತ್ತದೆ. ಇಲ್ಲವೇ ಮುಚ್ಚಳ ತೆಗೆದು ಹಾಕುವಾಗ ಅದು ಟ್ಯಾಂಕ್‌ನ ಹೊರಗೇ ಉಳಿದಿರುತ್ತದೆ. ಪ್ರೋಬ್‌ಗೆ ತಣ್ಣಗೆ ಅನ್ನಿಸುತ್ತದೆ, ಥರ್ಮೋಸ್ಟಾಟ್ 'ಇನ್ನೂ ಬಿಸಿ ಬೇಕು' ಅಂತ ಹೀಟರನ್ನು ಪೂರ್ತಿ ಬಿಡುತ್ತದೆ, ಸಂಜೆ ನೀವು ಮನೆಗೆ ಬರುವವರೆಗೆ. ಅದಕ್ಕೇ ಪ್ರೋಬ್ ಅಲುಗಾಡಬಾರದು. ದೀಪದ ಕೆಳಗೆ, ಹಾವು ಮಲಗಿದಾಗ ಅದರ ಬೆನ್ನು ಬರುವ ಎತ್ತರಕ್ಕೆ, ಹಾಟ್ ಗ್ಲೂ ಹಾಕಿ ಅಥವಾ ಕೇಬಲ್ ಟೈ ಕಟ್ಟಿ ಗಟ್ಟಿ ಮಾಡಿ. ಮ್ಯಾಟ್ ಆದರೆ ಮ್ಯಾಟ್‌ಗೂ ಗಾಜಿಗೂ ನಡುವೆ ಸಿಕ್ಕಿಸಿ.

ಟೇಪ್ ಮಾತ್ರ ಟ್ಯಾಂಕ್ ಒಳಗೆ ಬೇಡವೇ ಬೇಡ, ಯಾವ ಟೇಪೂ. ತೇವಕ್ಕೆ ಒಂದು ಅಂಚು ಬಿಡುತ್ತದೆ, ಹಾವು ಅದರ ಕೆಳಗೆ ಮೂಗು ತೂರಿಸುತ್ತದೆ, ಬಿಡಿಸಿಕೊಳ್ಳಲು ಹೊರಳಿದಷ್ಟೂ ಮೈಗೆಲ್ಲ ಸುತ್ತಿಕೊಳ್ಳುತ್ತದೆ. ಗಾಬರಿಯಲ್ಲಿ ಎಳೆದರೆ ಟೇಪ್ ಜೊತೆ ಚರ್ಮವೂ ಬರುತ್ತದೆ. ಹಾಗೇನಾದರೂ ಆದರೆ ಅಡುಗೆ ಎಣ್ಣೆ ಹಚ್ಚಿ ನೆನೆಯಲು ಬಿಡಿ, ಆಮೇಲೆ ಬಟ್ಟೆಯಿಂದ ಇಷ್ಟಿಷ್ಟೇ ಉಜ್ಜುತ್ತಾ, ತಲೆಯ ಕಡೆಯಿಂದ ಬಾಲದ ಕಡೆಗೆ, ಬಿಡಿಸಿ.

ಥರ್ಮೋಸ್ಟಾಟ್ ತೋರಿಸುವ ಅಂಕಿಯನ್ನೇ ನಂಬಿ ಕೂರಬೇಡಿ. ಬೇರೆ ಎರಡು ಡಿಜಿಟಲ್ ಥರ್ಮಾಮೀಟರ್ ಇಡಿ, ಒಂದೊಂದು ತುದಿಗೆ ಒಂದೊಂದು. ಗಾಜಿಗೆ ಅಂಟಿಸುವ ಗಡಿಯಾರದಂಥ ಅಗ್ಗದ ಮೀಟರ್ ಗಾಜಿನ ಬಿಸಿ ಹೇಳುತ್ತದೆ ಅಷ್ಟೆ, ಅದೂ ಸುಮಾರಾಗಿ. ಕೈಯಲ್ಲಿ ಹಿಡಿಯುವ ಟೆಂಪರೇಚರ್ ಗನ್ ಒಂದು ಇದ್ದರೆ ಒಳ್ಳೆಯದು, ಆದರೆ ಗಾಜಿನ ಹೊರಗಿನಿಂದ ಹಿಡಿದರೆ ಅದು ಅಳೆಯುವುದೂ ಗಾಜನ್ನೇ. ಮುಚ್ಚಳ ತೆಗೆದು ಹಿಡಿಯಬೇಕು. ಹೊಸದಾಗಿ ಕೂರಿಸಿದ ಮೇಲೆ ಮೊದಲ ಎರಡು ಮೂರು ದಿನ ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ ನೋಡಿ ಬರೆದಿಡಿ. ಅಷ್ಟು ದಿನ ಮನೆಯಲ್ಲಿ ಯಾರಾದರೂ ಇರುವ ಹಾಗಿದ್ದರೆ ಇನ್ನೂ ಒಳ್ಳೆಯದು, ಶುಕ್ರವಾರ ಸಂಜೆ ಶುರು ಮಾಡಿದರೆ ವಾರಾಂತ್ಯ ಸಿಗುತ್ತದೆ.

ಯಜಮಾನರ ಭಯ ಸುಮ್ನೆ ಅಲ್ಲ. ಆದರೆ ಬೆಂಕಿ ಹತ್ತುವುದು ಸಾಮಾನ್ಯವಾಗಿ ದೀಪ ಬಿದ್ದಾಗ, ಹೋಲ್ಡರ್ ಕರಗಿದಾಗ, ಇಲ್ಲವೇ ಕೈಯಲ್ಲಿ ಜೋಡಿಸಿದ ವೈರಿಂಗ್ ಕಾದಾಗ. ಕ್ಲಿಪ್ ಹಾಕಿ ಸಿಕ್ಕಿಸುವ ದೀಪಗಳನ್ನು ಆ ಕ್ಲಿಪ್ ಮೇಲೆ ನಂಬಿಕೆ ಇಟ್ಟು ಬಿಡಬೇಡಿ, ಡೋಮನ್ನು ತಂತಿಯಿಂದ ಮುಚ್ಚಳಕ್ಕೆ ಕಟ್ಟಿ. ಬೆಕ್ಕಿದ್ದರೆ ಬೆಚ್ಚಗಿದೆ ಅಂತ ಜಾಲರಿ ಮೇಲೆ ಹತ್ತಿ ಮಲಗುವುದು ಗ್ಯಾರಂಟಿ, ಅದರ ಬಾಲ ತಾಗಿದರೂ ಸಾಕು ದೀಪ ಜಾರಲು. ಹೋಲ್ಡರ್ ಪ್ಲಾಸ್ಟಿಕ್ ಆಗಿದ್ದರೆ ಬೇಡ. ಡೋಮ್ ಮೇಲೆ ಬರೆದ ವಾಟ್‌ಗಿಂತ ಜಾಸ್ತಿ ಬಲ್ಬ್ ಹಾಕಬೇಡಿ. ಪರದೆ, ಪುಸ್ತಕ, ಬಟ್ಟೆ ಯಾವುದೂ ಸುತ್ತಮುತ್ತ ಇರಬಾರದು. ಅಮೆರಿಕದಲ್ಲಿ ಯುಎಲ್ ಅಥವಾ ಇಟಿಎಲ್ ಗುರುತು (ಸುರಕ್ಷತಾ ಪರೀಕ್ಷೆ ಆದದ್ದಕ್ಕೆ ಹಾಕುವ ಮುದ್ರೆ) ಇರುವುದನ್ನೇ ಕೊಳ್ಳಿ. ಒಂದು ಎಕ್ಸ್‌ಟೆನ್ಷನ್‌ಗೆ ಇನ್ನೊಂದು ಎಕ್ಸ್‌ಟೆನ್ಷನ್ ಸಿಕ್ಕಿಸಬೇಡಿ. ವೈರ್ ಪ್ಲಗ್‌ಗಿಂತ ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೆ ಹೋಗಲಿ, ಆಗ ನೀರು ಹರಿದರೂ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಸಾಕೆಟ್‌ಗೆ ಹೋಗುವುದಿಲ್ಲ. ಆ ಕೋಣೆಯಲ್ಲಿ ಸ್ಮೋಕ್ ಅಲಾರಂ ಇದೆಯಾ ನೋಡಿ. ಇಷ್ಟೆಲ್ಲ ಆದ ಮೇಲೂ ಅವರಿಗೆ ಸಮಾಧಾನ ಇಲ್ಲದಿದ್ದರೆ ಮೊದಲ ವಾರ ಫೋನ್‌ಗೆ ಬಿಸಿ ತೋರಿಸುವ ವೈಫೈ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಲಿ, ಆಫೀಸಿನಿಂದಲೇ ನೋಡಬಹುದು.

ನಾಳೆ ಬೆಳಕಿನಲ್ಲಿ ಹಾವಿನ ಹೊಟ್ಟೆ ನೋಡಿ. ಅಗಲವಾದ ಹುರುಪೆಗಳು ಕೆನೆಬಣ್ಣದಲ್ಲಿ, ಒಣಗಿ, ಒಂದೇ ಸಮ ಇರಬೇಕು. ಕೆಂಪಗೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ, ಬೊಬ್ಬೆ ಇದ್ದರೆ, ಒದ್ದೆ ಒದ್ದೆಯಾಗಿದ್ದರೆ ಅದು ಸುಟ್ಟ ಗಾಯವೇ ಇರಬಹುದು. ಅರಿಶಿನ, ಬೆಣ್ಣೆ, ಮನೆಯಲ್ಲಿರುವ ಮುಲಾಮು ಏನೂ ಹಚ್ಚಬೇಡಿ. ಟ್ಯಾಂಕ್‌ನ ನೆಲಕ್ಕೆ ಹಾಸಿದ ಪುಡಿ ಎಲ್ಲ ತೆಗೆದು ಬಿಳಿ ಪೇಪರ್ ಟವೆಲ್ ಹಾಸಿ, ಸರೀಸೃಪ ನೋಡುವ ವೆಟ್ (ಪಶುವೈದ್ಯರ) ಹತ್ತಿರ ಕರೆದೊಯ್ಯಿರಿ. ವಾಸಿಯಾಗಲು ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಾಡುವಾಗ ಟಿಕ್ ಟಿಕ್ ಶಬ್ದ ಇದ್ದರೆ ಅದು ಚಳಿಗೆ ಹಿಡಿದ ಶ್ವಾಸದ ಕಾಯಿಲೆ ಇರಬಹುದು, ಅದಕ್ಕೂ ವೆಟ್ ಬೇಕು.

ಚಳಿಗಾಲದಲ್ಲಿ ಕರೆಂಟ್ ಹೋದರೆ? ಟ್ಯಾಂಕ್‌ಗೆ ಕಂಬಳಿ ಹೊದಿಸಿ, ಹೀಟರ್ ಸ್ವಿಚ್ ಆಫ್ ಮಾಡಿದ ಮೇಲೆ. ಇಲ್ಲದಿದ್ದರೆ ಕರೆಂಟ್ ಬಂದಾಗ ಕಂಬಳಿಯ ಕೆಳಗೆ ಕಾಯಲು ಶುರುವಾಗುತ್ತದೆ. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಗಾಜಿನ ಹೊರಗೆ ಒತ್ತಿ ಇಡಿ. ರಾತ್ರಿ ಉದ್ದವಾದರೆ ಹಾವನ್ನು ದಿಂಬಿನ ಕವರ್‌ಗೆ ಹಾಕಿ, ಬಾಯಿ ಕಟ್ಟಿ, ಎಲ್ಲರೂ ಇರುವ ಬೆಚ್ಚಗಿನ ಕೋಣೆಯಲ್ಲಿ ಇಟ್ಟುಕೊಳ್ಳಬಹುದು. ಹೊಟ್ಟೆ ಖಾಲಿ ಇರುವ ಆರೋಗ್ಯವಂತ ಹಾವಿಗೆ ಕೆಲವು ಗಂಟೆ ಚಳಿಯಾದರೆ ಏನೂ ಆಗುವುದಿಲ್ಲ. ಇದ್ದಿಲ ಒಲೆ, ಕ್ಯಾಂಪ್ ಸ್ಟವ್ ಮಾತ್ರ ಒಳಗೆ ಹಚ್ಚಬೇಡಿ, ಅದರ ಕಾರ್ಬನ್ ಮೊನಾಕ್ಸೈಡ್ ಹಾವಿಗಿಂತ ಮೊದಲು ನಿಮಗೆ ಅಪಾಯ.

ಇದನ್ನು ಕರ್ನಾಟಕದಲ್ಲಿ ಕೂತು ಓದುತ್ತಾ 'ನಮ್ಮನೆಗೂ ಒಂದು' ಅಂದುಕೊಳ್ಳುವವರಿಗೆ ಒಂದು ಮಾತು. ನಮ್ಮ ಕಾಡಿನ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿಗೂ 2024ರ ನಿಯಮಗಳಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಕಾಗದಪತ್ರ ಇಲ್ಲದೆ ಯಾರೋ ಮಾರುವ ಹಾವು ಬ್ಯಾಗಿನಲ್ಲಿ ಕದ್ದು ಬಂದದ್ದಿರಬಹುದು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹಾಗೆ ಹಿಡಿದದ್ದು ಪೇಪರ್‌ನಲ್ಲಿ ನೋಡಿರುತ್ತೀರಿ.

ಕೊನೆಗೆ ಊಟ. ಮೂರು ವಾರ ತಿಂದಿಲ್ಲ ಅಂದರೆ ಬಾಲ್ ಪೈಥಾನ್ ಮಟ್ಟಿಗೆ ಅದು ದೊಡ್ಡ ಸುದ್ದಿಯಲ್ಲ, ಊಟ ಬಿಡುವುದರಲ್ಲಿ ಇದು ಹೆಸರುವಾಸಿ. ನಿಮ್ಮದಕ್ಕಂತೂ ಕಾರಣ ಕಣ್ಣೆದುರಿಗೇ ಇದೆ. ಮೈ ತಣ್ಣಗಿದ್ದರೆ ಜೀರ್ಣ ಆಗುವುದಿಲ್ಲ. ಬಲವಂತಕ್ಕೆ ತಿಂದರೂ ಇಲಿ ಹೊಟ್ಟೆಯಲ್ಲೇ ಕೊಳೆತು ವಾಂತಿಯಾಗುತ್ತದೆ, ಅದು ಉಪವಾಸಕ್ಕಿಂತ ಕೆಟ್ಟದ್ದು. ಬಿಸಿ ಸರಿಹೋದ ಮೇಲೆ ಒಂದು ವಾರ ಅದನ್ನು ಅದರ ಪಾಡಿಗೆ ಬಿಡಿ, ಮಗಳು ಎತ್ತಿಕೊಳ್ಳುವುದೂ ಬೇಡ. ಆಮೇಲೆ ಸಂಜೆ ಕೋಣೆಯ ದೀಪ ಆರಿಸಿ ಇಲಿ ಕೊಡಿ. ಫ್ರೀಜರ್ ಇಲಿ ಆದರೆ ಫ್ರಿಜ್‌ನಲ್ಲಿ ಕರಗಿಸಿ, ಕವರ್‌ಗೆ ಹಾಕಿ ಬಿಸಿನೀರಿನಲ್ಲಿಟ್ಟು 100 ಫ್ಯಾರನ್‌ಹೀಟ್ ಹತ್ತಿರ ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ, ಸಿಡಿಯುತ್ತದೆ, ಆಮೇಲೆ ಆ ಓವನ್‌ನಲ್ಲಿ ಯಾರೂ ಹಾಲು ಕಾಯಿಸುವುದಿಲ್ಲ. ಈ ಹಾವಿನ ತುಟಿಯ ಮೇಲಿನ ಸಣ್ಣ ಗುಳಿಗಳು ಬೇಟೆಯ ಮೈಬಿಸಿಯನ್ನು ಗುರುತಿಸುತ್ತವೆ, ತಣ್ಣಗಿನ ಇಲಿ ಅದಕ್ಕೆ ಊಟ ಅಂತಲೇ ಅನ್ನಿಸದೆ ಇರಬಹುದು. ತಿಂದ ಮೇಲೆ ಎರಡು ದಿನ ಮುಟ್ಟಬೇಡಿ. ಅಡುಗೆಮನೆಯ ಗ್ರಾಂ ತಕ್ಕಡಿಯ ಮೇಲೆ ಡಬ್ಬ ಇಟ್ಟು ವಾರಕ್ಕೊಮ್ಮೆ ತೂಕ ಬರೆದಿಡಿ. ಇವತ್ತಿನ ತೂಕಕ್ಕಿಂತ ಹತ್ತನೇ ಒಂದು ಭಾಗ ಇಳಿದರೆ ಆ ಚೀಟಿ ಹಿಡಿದುಕೊಂಡು ವೆಟ್ ಹತ್ತಿರ ಹೋಗಿ. ಬರೀ ಒಂದೆರಡು ಗ್ರಾಂ ಆಚೀಚೆ ಆಗುತ್ತಿದ್ದರೆ ಹತ್ತು ದಿನ ಬಿಟ್ಟು ಇನ್ನೊಂದು ಇಲಿ ಬೆಚ್ಚಗೆ ಮಾಡಿ.